ನಾಳೆ ಕೊಡಬೇಕಾದ ರಕ್ತ

ಹಾರೋಹಳ್ಳಿಯಿಂದ ಮರಳವಾಡಿಗೆ ಹೊರಟ ಬಸ್ಸಿನಲ್ಲಿ ಪಾಳಿ ಮುಗಿಸಿದ ಕಾರ್ಖಾನೆಯವರೇ ತುಂಬಿದ್ದರು. ಬೋರಮ್ಮ ಒಸಿ ಸರಿದು ಬಸುರಿಯೊಬ್ಬಳಿಗೆ ಜಾಗ ಕೊಟ್ಟು, ಅವಳ ಮಗಳು ಸಿರಿಯನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. ಆರು ವರ್ಷವಾದರೂ ಮಗುವಿಗೆ ಮಾತು ಬಂದಿರಲಿಲ್ಲ. ಬಸುರಿಯ ಗಂಡ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದ. ಅವಳು ಅವನತ್ತ ತಿರುಗಿದಳು.

“ಆ ಪರೀಕ್ಷೆನ ಸರ್ಕಾರದವ್ರೇ ಮಾಡ್ಕೊಡ್ತಾರಂತೆ ಕಣ್ರೀ. ಹೊಟ್ಟೆಗೆ ಸೂಜಿ ಚುಚ್ಚಲ್ಲ, ನನ್ ತೋಳಿನ ರಕ್ತ ಸಾಕಂತೆ. ಇದೂ ಸಿರಿ ಥರಾನೇನಾ ಅಂತ ಗೊತ್ತಾಯ್ತದೆ.”

“ಗೊತ್ತಾದ್ರೆ ಏನ್ ಮಾಡೀಯೆ ಕುಸುಮ?”

“ಗೊತ್ತಿಲ್ಲ.”

“ತೆಗೆಸ್ಬುಡಿ ಅಂತಾರೆ ಎಲ್ರೂ. ಆಮೇಲೆ ಸಿರಿ ಮುಖ ಹೆಂಗ್ ನೋಡ್ಲಿ ನಾನು?”

“ನಂಗೇನ್ ಸಿರಿ ಬ್ಯಾಡ್ವಾ? ಇದೂ ಹಿಂಗೇ ಆದ್ರೆ, ನಾವ್ ಸತ್ಮೇಲೆ ಇಬ್ರನ್ನೂ ಯಾರ್ ನೋಡ್ಕೊತಾರೆ? ನಾಳೆ ಬುಟ್ರೆ ಪರೀಕ್ಷೆಗೆ ದಿನ ಮೀರೋಯ್ತದೆ ಅಂದ್ರು ಸಿಸ್ಟ್ರು. ಕಾಲ್ ಹಿಡೀತೀನಿ, ಹೂಂ ಅನ್ರೀ.”

ಇಳಿಯುವ ಜಾಗ ಬಂತು. ಮಗುವನ್ನು ಎತ್ತಿಕೊಳ್ಳಲು ಬಗ್ಗಿದಾಗ ಅವನ ಕಣ್ಣು ತುಂಬಿದ್ದನ್ನು ಬೋರಮ್ಮ ಕಂಡಳು.

“ರಜಾ ಹಾಕ್ತೀನಿ, ಹೋಗಾಣ. ಸಿರಿನೂ ಕರ್ಕೊಂಡೋಗಾಣ. ಅವಳನ್ನ ಮನೇಲಿ ಬುಟ್ಟು ಇಂಥದ್ಕೆ ನಾನ್ ಬರಲ್ಲ.”

ಕುಸುಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವನ ಹಿಂದೆ ಇಳಿದಳು. ಬಸ್ಸು ಹೊರಟರೂ ಬೋರಮ್ಮನ ತೊಡೆ ಇನ್ನೂ ಬೆಚ್ಚಗಿತ್ತು.