ಹೊಸಬಾಳೆಯವರು ಜೀಪಿಗೆ ಕಾದದ್ದು

೧೯೯೪ರ ಜೂನಿನ ಒಂದು ಬೆಳಿಗ್ಗೆ, ಶಿಕಾರಿಪುರದ ಆಸ್ಪತ್ರೆಯೊಂದರ ವರಾಂಡದಲ್ಲಿ ಆತಿಫಾ ತಾಯಿಯ ಇಂಜೆಕ್ಷನ್ನಿಗಾಗಿ ಕಾಯುತ್ತಿದ್ದಳು. ಅದೇ ಬೆಂಚಿನಲ್ಲಿ ಸೊರಬ ಕಡೆಯ ಹೊಸಬಾಳೆಯ ಹುಚ್ಚರಾಯಪ್ಪ, ಅವರ ಸೊಸೆ ಗಿರಿಜಾ ಕೂತಿದ್ದರು. ಗಿರಿಜಾಳ ಗಂಡ ಮಹಾಂತೇಶನನ್ನು ಒಳಗೆ ಮಲಗಿಸಿದ್ದರು. ಕೇಳಬಾರದೆಂದು ಮುಖ ತಿರುಗಿಸಿದರೂ ಅವರ ಮಾತು ಆತಿಫಾಳ ಕಿವಿಗೆ ಬೀಳುತ್ತಲೇ ಇತ್ತು.

“ಡಾಕ್ಟ್ರು ಏನಂದ್ರು ಮಾವಾ?”

“ಕರುಳು ತೂತಾಗಿದೆಯಂತೆ ಕಣವ್ವ. ಶಿವಮೊಗ್ಗಕ್ಕೆ ಒಯ್ದು ಇವತ್ತೇ ಆಪರೇಷನ್ ಮಾಡಿಸ್ಬೇಕಂತೆ. ಜೀಪು ಬರ್ತದೆ.”

“ಬರೀ ಆಮಶಂಕೆ ಅಂತಿದ್ವಲ್ಲ?”

“ಅದ್ರ ಕ್ರಿಮೀನೇ ಕರುಳು ತಿಂದಿರೋದಂತೆ.”

“ಹದಿನೈದು ದಿನ ದಾಳಿಂಬೆ ಸಿಪ್ಪೆ ಕಷಾಯ ಕುಡಿಸ್ಕೊಂಡು ಕೂತೆ ನಾನು.”

“ಅದನ್ನೇ ಕೊಡು ಅಂದೋನು ನಾನು, ಬಿಡು.”



“ಹೊಲಿದ್ರೆ ಸರಿಹೋಗ್ತದಲ್ವಾ?”

“ಈಗ್ಲೇ ಹೊಲಿಯೋಕೆ ಬರಲ್ವಂತೆ. ಕೆಟ್ಟಿದ್ದು ತೆಗೆದು, ಉಳಿದ ಕರುಳಿನ ಬಾಯಿ ಹೊಟ್ಟೆ ಮೇಲೆ ಹೊರಗಿಡ್ತಾರಂತೆ. ಹೊರಕಡೆಗೆ ಹೋಗೋದೂ ಅಲ್ಲಿಂದ್ಲೇ, ಚೀಲಕ್ಕೆ. ಉಳ್ಕೊಂಡ್ರೆ ಮೂರು ತಿಂಗಳಾದ್ಮೇಲೆ ಒಳಗೆ ಸೇರಿಸ್ತಾರಂತೆ.”

“ಉಳ್ಕೊಂಡ್ರೆ ಅಂದ್ರಾ?”

ಹುಚ್ಚರಾಯಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

“ಅವ್ರಿಗೆ ಹೇಳಿದ್ರಾ ಮಾವಾ?”

“ನನ್ನ ಕೈಲಾಗಲಿಲ್ಲ. ನೀನೇ ಹೇಳು.”

“ಕೆರೇಲಿ ಈಜೋವಾಗ್ಲೂ ಬನಿಯನ್ ಬಿಚ್ಚೋರಲ್ಲ ಅವ್ರು. ಹೆಂಗೆ ಹೇಳ್ಲಿ?”

ಜೀಪು ಬಂತು. ಮಹಾಂತೇಶನನ್ನು ಸ್ಟ್ರೆಚರಿನಲ್ಲಿ ಹೊರತಂದರು. ಹೊಟ್ಟೆ ಬಿಗಿದು ಉಬ್ಬಿತ್ತು. ಅವನು ಹೆಂಡತಿಯ ಸೆರಗು ಹಿಡಿದು, “ಏನಂತೆ?” ಎಂದ.

“ಸಣ್ಣ ಆಪರೇಷನ್ ಅಂತೆ. ಮೂರು ದಿನಕ್ಕೆ ಮನೆಗೆ ಕಳಿಸ್ತಾರಂತೆ” ಎಂದಳು ಗಿರಿಜಾ.

ಅವನು ತಲೆಯಾಡಿಸಿದ. ಜೀಪು ಹತ್ತುವ ಮುನ್ನ ಗಿರಿಜಾ ತಿರುಗಿ, ಎಲ್ಲ ಕೇಳಿಸಿಕೊಂಡಿದ್ದ, ಗುರುತು ಪರಿಚಯವಿಲ್ಲದ ಆತಿಫಾಳನ್ನು ಒಮ್ಮೆ ನೋಡಿದಳು. ಆತಿಫಾ ಬೆಂಚಿನಿಂದ ಏಳುವಷ್ಟರಲ್ಲಿ ಜೀಪು ಗೇಟು ದಾಟಿತ್ತು.