ಶಾವಂತ್ರಿಯ ಕುಣಿಯುವ ಕೌದಿ

ಏಳುವವರು ಈಗಲೇ ಏಳಿ, ನೀರು ಕುಡಿಯುವವರು ಕುಡಿದು ಬನ್ನಿ. ನಡುವೆ ಎದ್ದರೆ ಕಥೆಯೂ ನಿಮ್ಮ ಹಿಂದೆಯೇ ಎದ್ದು ಹೋಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಕೂತಿರಾ? ಹಾಗಾದರೆ ಕೇಳಿ.

ಒಂದೂರು. ಊರಿಗೊಂದು ಹೆಸರೂ ಇತ್ತು. ಇಟ್ಟವರು ಸತ್ತರು, ಕರೆಯುವವರು ಮರೆತರು. ಆ ಊರಿನ ಕೊನೆಯ ಓಣಿಯಲ್ಲಿ ಒಂದು ಮನೆ. ಮನೆಯಲ್ಲಿ ಶಾವಂತ್ರಿ, ಅವಳ ಗಂಡ ಅಡಿವೆಪ್ಪ, ಅತ್ತೆ ಗಂಗಿಮಾಳವ್ವ, ಅಂಬೆಗಾಲಿಡುವ ಒಂದು ಹೆಣ್ಣುಕೂಸು.

ಶಾವಂತ್ರಿ ಕೌದಿ ಹೊಲಿಯುವವಳು. ಊರವರು ಹಳೆಯ ಸೀರೆ ತಂದು ಕೊಡುವರು. ಅವಳು ಒಂದರ ಮೇಲೊಂದು ಹಾಸಿ, ಒಂದು ಮೂಲೆಯಿಂದ ಹಿಡಿದು ಸಾಲು ಸಾಲಾಗಿ ಹೊಲಿದು, ಎದುರಿನ ಮೂಲೆಯಲ್ಲಿ ಗಂಟು ಹಾಕುವಳು. ಹಾಸಲೂ ಅದೇ, ಹೊದೆಯಲೂ ಅದೇ. ಮನೆ ನಡೆಯುತ್ತಿದ್ದುದು ಅವಳ ಸೂಜಿಯಿಂದ.

ಅಡಿವೆಪ್ಪನ ಕೆಲಸ ಏನು? ಸೀರೆ ಹೊತ್ತು ತರುವುದು, ಕೌದಿ ಹೊತ್ತು ಕೊಡುವುದು. ಉಳಿದ ಹೊತ್ತೆಲ್ಲ ದಮ್ಮಡಿ. ಭಜನೆ ಮೇಳದಲ್ಲಿ ದಮ್ಮಡಿ ಬಾರಿಸುವವನು ಅವನೇ. ಮೇಳ ಮುಗಿದರೂ ಅವನ ಬೆರಳು ಮುಗಿಯುತ್ತಿರಲಿಲ್ಲ. ಕೊಡ ಕಂಡರೆ ಕೊಡ ಬಾರಿಸುವನು, ಮೊರ ಕಂಡರೆ ಮೊರ ಬಾರಿಸುವನು, ಏನೂ ಕಾಣದಿದ್ದರೆ ಹಡೆದವ್ವನ ಬೆನ್ನು ಬಾರಿಸುವನು.

"ಏ ಭಾಡ್ಯಾ, ನನ್ನ ಬೆನ್ನೇನು ನಿಮ್ಮ ಮ್ಯಾಳದ ಸಾಮಾನಾ?" ಎನ್ನುವಳು ಗಂಗಿಮಾಳವ್ವ.

"ಯವ್ವಾ, ಎಷ್ಟ ಚಂದ ನಾದ ಐತಿ ನಿನ್ನ ಬೆನ್ನಾಗ!"

ಇಂಥ ಮನೆಯಲ್ಲಿ ಯಾರು ತಾನೇ ಸುಮ್ಮನೆ ಕೂತಾರು ಹೇಳಿ. ಶಾವಂತ್ರಿಯ ಕಾಲು ಕುಣಿಯುವುದು, ಕೂಸಿನ ತಲೆ ಕುಣಿಯುವುದು, ಗೂಟಕ್ಕೆ ಸಿಕ್ಕಿಸಿದ ಸೌಟೂ ಕುಣಿಯುವುದು.

ಒಂದು ಬೆಳಿಗ್ಗೆ ಗಾಣದ ಮುದುಕ ಬಂದ. ಕೌದಿಯನ್ನು ಕಟ್ಟೆಯ ಮೇಲೆ ಎಸೆದ. "ತಗೋ ತಂಗಿ ನಿನ್ನ ಕೌದಿ. ಹೊದ್ದಕೊಂಡ್ರ ಕಾಲು ನಿಲ್ಲವಲ್ವು. ಈ ವಯಸ್ಸಿನ್ಯಾಗ ನಾ ಕುಣೀಬೇಕಾ?"

ಮರುದಿನ ಪೂಜಾರಿ ಬಂದ. "ಮಧ್ಯಾಹ್ನ ಚೂರು ಅಡ್ಡಾಗಿದ್ದೆ ಶಾವಂತ್ರಿ. ಕಾಲು ತಂತಾನೆ ಎದ್ದು ತೀರ್ಥದ ತಂಬಿಗಿ ಒದ್ದು ಬಿಡ್ತು. ದೇವರಿಗೆ ನಾ ಏನಂತ ಹೇಳ್ಲಿ?"

ಮೂರನೆಯ ದಿನ ಬಳೆಗಾರ್ತಿ ಬಂದಳು. ಅವಳ ಸಿಟ್ಟು ಕೇಳಬೇಡಿ. "ಬೀಗರು ಬಂದಿದ್ರು. ಹೊಸಾ ಕೌದಿ ಅಂತ ಗಂಡ ಹೆಂಡತಿಗೆ ಹೊದಿಸಿದೆ. ಬೀಗ ಬೀಗತಿಗೆ ಒದ್ದ, ಬೀಗತಿ ಬೀಗಗ ಒದ್ದಳು. ಮುಂಜಾನೆದ್ದು ಇಬ್ಬರೂ ಒಟ್ಟಿಗೆ ನನಗ ಬೈದ್ರು!"

ಮೂರು ಕೌದಿ ವಾಪಸು ಬಂದವು. ಶಾವಂತ್ರಿಗೆ ನಗು ಬರಲಿಲ್ಲ. ನಿಮಗೆ ಬರುತ್ತಿದೆ, ಏಕೆಂದರೆ ಹೊಲಿದವರು ನೀವಲ್ಲ.

ಅದೇ ಹೊತ್ತಿಗೆ ಗೌಡಶಾನಿ ಹೇಳಿ ಕಳಿಸಿದಳು. ಊರ ಗೌಡನ ಹೆಂಡತಿ ಅವಳು. ಶಾವಂತ್ರಿ ಹೋದಾಗ ಮಡಿಲಲ್ಲಿ ಮೂರು ಸೀರೆ ಇಟ್ಟುಕೊಂಡು ಕೂತಿದ್ದಳು. ಒಗೆದು ಒಗೆದು ಬೆಣ್ಣೆಯಂತಾದ ಸೀರೆಗಳು.

"ಇವು ನಮ್ಮವ್ವನವು. ಅವ್ವ ಇಲ್ಲ, ಇವು ಅದಾವ. ಇನ್ನ ಹನ್ನೆರಡು ದಿನಕ್ಕ ಮೊಮ್ಮಗನ್ನ ತೊಟ್ಟಲಕ್ಕ ಹಾಕ್ತೀವಿ, ಹೆಸರಿಡ್ತೀವಿ. ತೊಟ್ಟಲದಾಗ ಹಾಸಾಕ ಕೌದಿ ಬೇಕು. ನೋಡು ಶಾವಂತ್ರಿ, ನಿನ್ನ ಕೌದಿ ಕುಣೀತಾವ ಅಂತ ಊರೆಲ್ಲ ಆಡ್ಕೊಳ್ಳಾಕತ್ತೈತಿ. ಊರ ಹೆಣ್ಮಕ್ಕಳೆಲ್ಲಾ ಆ ದಿನ ತೊಟ್ಟಲ ಸುತ್ತ ಇರ್ತಾರ. ನನ್ನ ಮೊಮ್ಮಗ ಮಲಗಿದ್ರ ಎಲ್ಲಾರೂ ನಿನ್ನ ಬಾಗಲಿಗೆ ಬರ್ತಾರ. ಮಲಗದಿದ್ರ, ಒಬ್ಬರೂ ಬರೂದಿಲ್ಲ."

ಹೆದರಿಸಿದಳಾ? ಇಲ್ಲ. ಇದ್ದದ್ದನ್ನು ಹೇಳಿದಳು. ಅದಕ್ಕೇ ಶಾವಂತ್ರಿ ಸೀರೆ ಎತ್ತಿಕೊಂಡು ಓಡಿದಂತೆ ನಡೆದಳು.

ಮನೆಗೆ ಬಂದವಳೇ ವಾಪಸು ಬಂದ ಕೌದಿಯೊಂದನ್ನು ಹಾಸಿದಳು. ಕಣ್ಣು ಮುಚ್ಚಿ ಹೊಲಿಗೆಯ ಮೇಲೆ ಬೆರಳು ಓಡಿಸಿದಳು. ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ. ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ. ಪಡಸಾಲೆಯಲ್ಲಿ ಗಂಡ ಬಾರಿಸುತ್ತಿದ್ದ: ಧಿಂ, ತಕ, ಧಿಂ. ಧಿಂ, ತಕ, ಧಿಂ.

ತಿಳಿಯಿತಲ್ಲ? ಅವಳಿಗೂ ತಿಳಿಯಿತು. ಇಷ್ಟು ದಿನ ಗಂಡನ ದಮ್ಮಡಿಯನ್ನೇ ಹೊಲಿದು ಊರವರಿಗೆ ಹೊದಿಸಿದ್ದಳು.

ನೆಟ್ಟಗೆ ಹೋಗಿ ದಮ್ಮಡಿ ಕಸಿದುಕೊಂಡಳು. ಎತ್ತರದ ಗೂಟಕ್ಕೆ ನೇತುಹಾಕಿದಳು.

"ಏ ಇವಳ, ನನ್ನ ಉಸಿರು ಅದು!"

"ನಿಮ್ಮ ಉಸಿರು ಗೂಟದ ಮ್ಯಾಲಿರಲಿ. ಹನ್ನೆರಡು ದಿನ ಮೂಗಿಲೇ ಉಸಿರಾಡ್ರಿ."

ಮನೆ ಮೌನವಾಯಿತು. ಅಡಿವೆಪ್ಪ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಬಂದ, ಹೊರಗೆ ಹೋದ, ಮತ್ತೆ ಒಳಗೆ ಬಂದ. ಶಾವಂತ್ರಿ ಸೀರೆ ಹಾಸಿ ಸೂಜಿ ಹಿಡಿದಳು. ಸೂಜಿ ಇಳಿಯಿತು, ಏಳಲಿಲ್ಲ. ಎದ್ದರೆ ಇಳಿಯಲಿಲ್ಲ. ನಾಲ್ಕು ದಿನಕ್ಕೆ ನಾಲ್ಕು ಗೇಣು ಹೊಲಿಗೆ. ತನ್ನ ಕೂಸನ್ನೇ ಅದರ ಮೇಲೆ ಮಲಗಿಸಿ ನೋಡಿದಳು. ಕೂಸು ಅಳಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ಕಣ್ಣು ಬಿಟ್ಟುಕೊಂಡು ಜಂತಿ ನೋಡುತ್ತ ಬಿದ್ದುಕೊಂಡಿತು, ಲೆಕ್ಕ ಬಾರದ ಮಾಸ್ತರನ ಹಾಗೆ.

"ಎತ್ತು ಮೊದಲ! ಕೂಸಿನ ಮಾರಿ ನೋಡಿದ್ರ ನನಗ ಅಂಜಿಕಿ ಬರ್ತೈತಿ," ಎಂದಳು ಗಂಗಿಮಾಳವ್ವ.

ಬಿಚ್ಚಿದಳು. ನಾಲ್ಕು ದಿನದ ಹೊಲಿಗೆಯನ್ನು ಒಂದು ಬೆಳಿಗ್ಗೆಯಲ್ಲಿ ಬಿಚ್ಚಿದಳು.

ಆಮೇಲೆ ತಾನೇ ಜೋಗುಳ ಹಾಡಿಕೊಂಡು ಹೊಲಿಯಲು ಕೂತಳು. "ಮುತ್ತಜ್ಜಿ ಸೀರಿ ಮೆತ್ತಗಿರಲಿ, ಕೂಸಿನ ಅಂಗಾಲು ಬೆಚ್ಚಗಿರಲಿ." ಹಾಡು ಚೆನ್ನಾಗಿತ್ತು, ಹೊಲಿಗೆಯೂ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಅತ್ತೆ ಗೋಡೆಗೆ ಒರಗಿದಳು, ಕೂಸು ಅತ್ತೆಗೆ ಒರಗಿತು, ಶಾವಂತ್ರಿ ಸೀರೆಯ ಮೇಲೆಯೇ ಒರಗಿದಳು. ಸೂಜಿ ಕೆನ್ನೆಗೆ ಚುಚ್ಚಿದಾಗ ಎದ್ದಳು. ಮತ್ತೆ ಹಾಡಿದಳು, ಮತ್ತೆ ಒರಗಿದಳು. ಮತ್ತೆ ಹಾಡಿದಳು, ಮತ್ತೆ ಒರಗಿದಳು. ಅಷ್ಟರಲ್ಲಿ ಬೆಕ್ಕು ಮೊಸರು ಕುಡಿದು ಮೀಸೆ ಒರೆಸಿಕೊಂಡಿತ್ತು. ಹೀಗೇ ಇನ್ನೂ ನಾಲ್ಕು ದಿನ ಹೋದವು.

ಉಳಿದದ್ದು ನಾಲ್ಕೇ ದಿನ. ದಮ್ಮಡಿ ಇದ್ದರೆ ಕೌದಿ ಒದೆಯುತ್ತದೆ. ದಮ್ಮಡಿ ಇಲ್ಲದಿದ್ದರೆ ಕೌದಿ ಸಾಯುತ್ತದೆ. ಬರೀ ಹಾಡಾದರೆ ಹೊಲಿಯುವವಳೇ ಮಲಗುತ್ತಾಳೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಸೀರೆ ಮಡಚಿ ವಾಪಸು ಕೊಡುತ್ತಿದ್ದಿರಿ. ಅವಳೂ ಮಡಚಿದ್ದಳು, ಬಾಗಿಲವರೆಗೂ ಹೋಗಿದ್ದಳು. ಬಾಗಿಲಲ್ಲಿ ಅಡಿವೆಪ್ಪ ಕೂತಿದ್ದ. ಅವನ ಹತ್ತೂ ಬೆರಳು ಗಾಳಿಯಲ್ಲಿ ಆಡುತ್ತಿದ್ದವು.

ಅದನ್ನು ನೋಡಿ ನಿಂತಳು. ತಿರುಗಿ ಬಂದು ಸೀರೆ ಹಾಸಿದಳು. ಗೂಟದಿಂದ ದಮ್ಮಡಿ ಇಳಿಸಿದಳು.

"ಬರ್ರಿ. ಇಲ್ಲೆ ಕುಂಡ್ರಿ. ನಾ ಹಾಡ್ತೀನಿ, ನೀವು ಬಾರಿಸ್ರಿ. ಆದ್ರ ಒಂದು ಮಾತು. ನನ್ನ ಸೂಜಿ ಇಳಿಯೂತನಕ ನಿಮ್ಮ ಬೆರಳು ಇಳೀಬಾರದು."

"ಅಂದ್ರ ನಾ ನಿನ್ನ ಹಿಂದ ಬರಬೇಕಾ?"

"ಹೂಂ."

"ಮ್ಯಾಳದಾಗ ಹತ್ತು ಮಂದಿ ನನ್ನ ಹಿಂದ ಬರ್ತಾರ, ಗೊತ್ತೈತೇನು?"

"ಹತ್ತು ಮಂದಿ ಬರಲಿ. ಅವರ್ಯಾರೂ ಕೌದಿ ಹೊಲಿಯೂದಿಲ್ಲ. ಕುಂಡ್ರಿ ಅಂದೆ."

ಕೂತ. ಹಾಡು ಶುರುವಾಯಿತು. ಎರಡು ಹೊಲಿಗೆಗೆ ಅವನು ಮುಂದೆ ಓಡಿದ. ಅವಳು ಸೂಜಿ ನಿಲ್ಲಿಸಿದಳು. ಮತ್ತೆ ಶುರು, ಮತ್ತೆ ಓಡಿದ, ಮತ್ತೆ ನಿಲ್ಲಿಸಿದಳು. ಮೂರನೆಯ ಸಲ ಓಡಿದಾಗ ಸೂಜಿ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. ಆ ನೋಟ ಎಂಥದ್ದು ಅಂತ ಮದುವೆಯಾದವರಿಗೆ ನಾನು ಹೇಳಬೇಕಾಗಿಲ್ಲ.

ಆಗ ಅಡಿವೆಪ್ಪ ಮೊದಲ ಸಲ ಹೆಂಡತಿಯ ಕೈ ನೋಡಿದ. ಆರು ವರ್ಷದ ಸಂಸಾರ, ಮೊದಲ ಸಲ. ಸೂಜಿ ಹೇಗೆ ಇಳಿಯುತ್ತದೆ, ಎಲ್ಲಿ ಉಸಿರು ಹಿಡಿಯುತ್ತದೆ, ಹೇಗೆ ಏಳುತ್ತದೆ. ನೋಡಿ ನೋಡಿ ಬೆರಳ ತುದಿಯಿಂದ ಮುಟ್ಟಿದ. ದಮ್ಮಡಿ ಕೂಗಲಿಲ್ಲ, ಮಾತಾಡಿತು. ಅವನ ಬೆರಳು ಅವಳನ್ನು ಎಚ್ಚರವಾಗಿಟ್ಟಿತು, ಅವಳ ಹಾಡು ಅವನನ್ನು ಹಿಡಿದಿಟ್ಟಿತು. ಸಾಲಿನ ಮೇಲೆ ಸಾಲು ಬಂತು, ಇರುವೆ ನಡೆದ ಹಾಗೆ ಸಣ್ಣದಾಗಿ, ಸಮವಾಗಿ.

ಹೆಸರಿಡುವ ದಿನ ಬೆಳಿಗ್ಗೆ ಒಂದೇ ಮೂಲೆ ಉಳಿದಿತ್ತು. ಆ ಊರಲ್ಲೊಂದು ಪದ್ಧತಿ: ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು. ಕೌದಿಯ ಹೊಟ್ಟೆ ಖಾಲಿ ಇದ್ದರೆ ಮಲಗಿದವರ ಹೊಟ್ಟೆಯೂ ಹಸಿಯುತ್ತದಂತೆ. ಶಾವಂತ್ರಿ ರೊಟ್ಟಿ ಇಟ್ಟಳು. ಸೂಜಿಗೆ ದಾರ ಪೋಣಿಸಿದಳು. ಅಷ್ಟರಲ್ಲಿ ಕೂಸು ಎದ್ದು ಅಳಲು ಹಿಡಿಯಿತು. ಎತ್ತಿಕೊಂಡು ಹಾಲೂಡಿಸಲು ಕೂತಳು. ಕೂಸು ಎರಡೂ ಮುಷ್ಟಿಯಲ್ಲಿ ಸೆರಗು ಹಿಡಿದು ಬಿಡಲೊಲ್ಲದು. ಗೌಡನ ಮನೆಯಿಂದ ಆಳು ಬಂದು ನಿಂತ: "ಕೌದಿ ಎಲ್ಲಿ? ತೊಟ್ಟಲ ಸಿಂಗಾರ ಆತು!"

ಅತ್ತೆಗೆ ಸೂಜಿಯ ತೂತು ಕಾಣದು. ಉಳಿದವರು ಯಾರು?

"ನೀವು ಹೊಲೀರಿ," ಎಂದಳು ಶಾವಂತ್ರಿ.

"ನಾ? ಗಂಡಸು?"

"ಸೂಜಿಗೇನು ಗೊತ್ತಾಕ್ಕೈತ್ರಿ ಹಿಡದಾಂವ ಗಂಡಸು ಅಂತ? ಲಗೂನ ಹಿಡೀರಿ."

ಒಂದು ಕೈಯಲ್ಲಿ ಕೂಸನ್ನು ಅಪ್ಪಿಕೊಂಡು, ಇನ್ನೊಂದು ಕೈಯಿಂದ ದಮ್ಮಡಿ ಹತ್ತಿರ ಎಳೆದುಕೊಂಡು, ಮೆಲ್ಲಗೆ ತಟ್ಟುತ್ತ ಹಾಡಿದಳು. ಅಡಿವೆಪ್ಪ ಹೊಲಿದ. ಬೆರಳಿಗೆ ಚುಚ್ಚಿಕೊಂಡ, ಹೊಲಿದ. ನಾಲಿಗೆ ಕಚ್ಚಿಕೊಂಡ, ಹೊಲಿದ. ಬೆವರು ಒರೆಸಿಕೊಂಡ, ಹೊಲಿದ. ಗಂಟು ಹಾಕುವ ಹೊತ್ತಿಗೆ ಕೂಸು ಹಾಲು ಬಿಟ್ಟು ನಿದ್ದೆ ಹೋಗಿತ್ತು.

ಗೌಡನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಗಾಣದ ಮುದುಕ, ಪೂಜಾರಿ, ಬಳೆಗಾರ್ತಿ ಮುಂದೆಯೇ ನಿಂತಿದ್ದರು, ಮಗು ಒದೆಯುವುದನ್ನು ನೋಡಲು. ತೊಟ್ಟಿಲಲ್ಲಿ ಕೌದಿ ಹಾಸಿದರು. ಮಗುವನ್ನು ಮಲಗಿಸಿದರು. ಮಗು ಒಂದು ಕಾಲು ಎತ್ತಿತು. ಶಾವಂತ್ರಿ ಗಂಡನ ತೋಳನ್ನು ಹಿಡಿದಳು, ಉಗುರು ನಾಟಿತು. ಮಗು ಆ ಕಾಲನ್ನು ಮೆಲ್ಲಗೆ ಇಳಿಸಿತು. ಆಕಳಿಸಿತು. ಕಣ್ಣು ಮುಚ್ಚಿತು. ಹೆಸರು ಕೂಗಿದರೂ ಏಳಲಿಲ್ಲ, ಐದು ಸಲ ಕೂಗಿದರೂ ಏಳಲಿಲ್ಲ.

ಗೌಡಶಾನಿ ಬಗ್ಗಿ ಕೌದಿ ಸವರಿದಳು. ತಾಯಿಯ ಸೀರೆ ಮುಟ್ಟಿದಾಗ ಕಣ್ಣು ತುಂಬಿತು. ಸವರುತ್ತ ಸವರುತ್ತ ಕೊನೆಯ ಮೂಲೆಗೆ ಬಂದವಳು ತಟ್ಟನೆ ನಿಂತಳು. ಅಲ್ಲಿ ಹೊಲಿಗೆ ಕುಡಿದವರ ಹಾಗೆ ನಡೆದಿತ್ತು.

"ಶಾವಂತ್ರಿ, ಈ ಮೂಲಿ ಯಾರು ಹೊಲಿದ್ರು?"

ಅಡಿವೆಪ್ಪ ನೆಲ ನೋಡಿದ. ಸುಳ್ಳು ಹೇಳಬಹುದಿತ್ತು, ಅತ್ತೆ ಹೊಲಿದಳು, ಅವಳ ಕಣ್ಣು ಮಂಜು ಅನ್ನಬಹುದಿತ್ತು. ಶಾವಂತ್ರಿ ಹೇಳಿದಳು: "ನಮ್ಮ ಮನಿಯವರು ಅವ್ವಾರ. ನನ್ನ ಕೈಯಾಗ ಕೂಸಿತ್ತು."

ಗೌಡಶಾನಿ ಅಡಿವೆಪ್ಪನನ್ನು ನೋಡಿದಳು. ಅವನ ಚುಚ್ಚಿಹೋದ ಬೆರಳುಗಳನ್ನು ನೋಡಿದಳು. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ, ಪಡಸಾಲೆಯಲ್ಲಿ ಲೋಡಿಗೆ ಒರಗಿ ಎಲೆಯಡಿಕೆ ಜಗಿಯುತ್ತಿದ್ದ ತನ್ನ ಗೌಡನನ್ನು ನೋಡಿದಳು.

"ನಾಳೆ ಇನ್ನೊಂದು ಕೌದಿಗೆ ಸೀರಿ ಕೊಡ್ತೀನಿ," ಎಂದಳು. "ಪೂರಾ ಹೊಲೀಬ್ಯಾಡ. ಒಂದು ಮೂಲಿ ಬಿಡು. ನಮ್ಮ ಗೌಡರು ಹೊಲೀತಾರ."

ಗೌಡನ ಬಾಯಲ್ಲಿ ಎಲೆ ನಿಂತುಹೋಯಿತು. ಸುತ್ತ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ತಮ್ಮ ತಮ್ಮ ಗಂಡಂದಿರನ್ನು ನೋಡಿದರು. ಮರುದಿನ ಶಾವಂತ್ರಿಯ ಬಾಗಿಲಿಗೆ ಎಷ್ಟು ಸೀರೆ ಬಂದವೋ, ಅಷ್ಟು ಗಂಡಸರೂ ಬಂದರು, ಸೂಜಿ ಹಿಡಿಯುವುದು ಹೇಗೆ ಅಂತ ಕೇಳಲು.

ಕಥೆಗೆ ಗಂಟು ಹಾಕಿದೆ, ದಾರ ಹಲ್ಲಿನಲ್ಲಿ ಕಡಿದೆ. ಏಳಿ, ನಿದ್ದೆ ಹೋದ ಮಕ್ಕಳನ್ನು ಎತ್ತಿಕೊಳ್ಳಿ. ಹೆಂಗಸರಿಗೆ ಹೇಳಿದ್ದಲ್ಲ, ಅಣ್ಣಗಳಿರಾ, ನಿಮಗೇ.