ತಪ್ಪು ಯಂತ್ರದ್ದಲ್ಲ

ಒಂದು ಪಟ್ಟಣದ ಕಚೇರಿಯಲ್ಲಿ ಒಂದು ಯಂತ್ರ ಇತ್ತು. ಎಷ್ಟು ದೊಡ್ಡದು ಅಂತೀರಿ? ನಾವೀಗ ಕೂತಿದ್ದೇವಲ್ಲ, ಈ ಸಭಾಂಗಣದ ಅರ್ಧದಷ್ಟು! ಅದೇ ಆ ಕಾಲದ ಕಂಪ್ಯೂಟರ್. ಈಗ ನಿಮ್ಮ ಜೇಬಿನಲ್ಲಿರುವುದರ ಮುತ್ತಜ್ಜಿ ಅನ್ನಿ. ಅದಕ್ಕೆ ಏನು ಹೇಳಬೇಕಾದರೂ ರಟ್ಟಿನ ಕಾರ್ಡಿನಲ್ಲಿ ತೂತು ಕೊರೆದು ಹೇಳಬೇಕು. ಹೇಳಿದ್ದನ್ನು ಮಾಡುತ್ತದೆ. ಹೇಳಿದ್ದನ್ನು ಮಾತ್ರ ಮಾಡುತ್ತದೆ.

ಆ ಕಾರ್ಡುಗಳನ್ನು ಬರೆಯುವ ಏಳು ಜನರಲ್ಲಿ ಒಬ್ಬಳೇ ಹೆಣ್ಣು, ಅಲಮೇಲು. ಗಣಿತದಲ್ಲಿ ಊರಿಗೇ ಮೊದಲಿಗಳು. ಆದರೂ ಪಕ್ಕದ ಮೇಜಿನ ಸೀತಾಪತಿಯದು ದಿನವೂ ಒಂದೇ ಮಾತು: "ಏನ್ರೀ, ಯಂತ್ರಕ್ಕೂ ಹುಳಿ ಮಾಡೋದು ಹೇಳ್ಕೊಡ್ತೀರಾ?"

ಅವಳು ನಕ್ಕು ಮತ್ತೆ ಕಾರ್ಡಿನತ್ತ ತಿರುಗುತ್ತಿದ್ದಳು. ಒಳಗೆ ಮಾತ್ರ ಭಯ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಾನು ಒಂದು ಸಲ ಎಡವಿದರೆ ತನ್ನ ಹಿಂದೆ ಬರುವ ಹುಡುಗಿಯರನ್ನೂ ಒಳಗೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಒಂದು ಕೆರೆಯ ಕೆಲಸ ಬಂತು. ಏರಿಯನ್ನು ಎಷ್ಟು ಎತ್ತರಿಸಿದರೆ ಕೆಳಗಿನ ಊರು ಮುಳುಗುವುದಿಲ್ಲ? ಇಪ್ಪತ್ತು ವರ್ಷದ ಮಳೆಯನ್ನು ಕೂಡಿ ಯಂತ್ರ ಹೇಳಬೇಕು. ಅಲಮೇಲು ಮೂರು ವಾರ ಕೂತು ಕಾರ್ಡು ಬರೆದಳು. ಯಂತ್ರ ಒಂದೇ ಮಧ್ಯಾಹ್ನದಲ್ಲಿ ಉತ್ತರ ಕೊಟ್ಟಿತು. ಹಿರಿಯ ಅಧಿಕಾರಿ ಎಲ್ಲರೆದುರು "ಭೇಷ್" ಎಂದರು. ಉತ್ತರ ಕೆರೆಯ ಇಂಜಿನಿಯರರ ಕೈ ಸೇರಿತು.

ಮರುದಿನ ಊಟದ ಹೊತ್ತಿನಲ್ಲಿ ಅವಳು ಸುಮ್ಮನೆ ಒಂದು ತಿಂಗಳ ಮಳೆಯನ್ನು ಕೈಯಲ್ಲೇ ಕೂಡಿದಳು. ತಾಳೆಯಾಗಲಿಲ್ಲ. ಇನ್ನೊಂದು ತಿಂಗಳು. ಅದೂ ಆಗಲಿಲ್ಲ. ಕಾರ್ಡು ತೆಗೆದು ನೋಡಿದರೆ, ತಾನೇ ಬರೆದಿದ್ದಾಳೆ: ತಿಂಗಳ ಕೊನೆಯ ತಾರೀಖು ಬಂದ ಕೂಡಲೇ ನಿಲ್ಲಿಸು. ನೋಡಿ, ನಮಗೆ ಹಾಗೆ ಹೇಳಿದರೆ ಆ ದಿನದ ಮಳೆಯನ್ನೂ ಸೇರಿಸಿಕೊಂಡೇ ನಿಲ್ಲಿಸುತ್ತೇವೆ. ಯಂತ್ರ ಹಾಗಲ್ಲ. ತಾರೀಖು ಕಂಡಿತು, ನಿಂತಿತು. ಇಪ್ಪತ್ತು ವರ್ಷ, ಪ್ರತಿ ತಿಂಗಳು, ಒಂದೊಂದು ದಿನದ ಮಳೆ ಬಿಟ್ಟೇ ಹೋಗಿತ್ತು! ಏರಿ ಎರಡು ಅಡಿ ಕುಳ್ಳಾಗಲಿತ್ತು.

ತುತ್ತು ಬಿಟ್ಟು ಅಧಿಕಾರಿಯ ಹತ್ತಿರ ಓಡಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರಿಗಾದ್ರೂ ಹೇಳಿದೀರಾ?"

"ಇಲ್ಲ ಸಾರ್."

"ಹಾಗಾದ್ರೆ ಯಂತ್ರ ಕೆಟ್ಟಿತ್ತು ಅಂತ ಬರೆದು ಹೊಸ ಉತ್ತರ ಕಳಿಸಿಬಿಡೋಣ. ಅದೇನು ಎದುರು ಮಾತಾಡುತ್ತಾ?"

ಎಷ್ಟು ಸುಲಭ ನೋಡಿ! ಊರೂ ಉಳಿಯಿತು, ಕೆಲಸವೂ ಉಳಿಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಎದೆ ಮುಟ್ಟಿಕೊಂಡು ಹೇಳಿ.

"ಬೇಡ ಸಾರ್," ಎಂದಳು ಅಲಮೇಲು. "ಯಂತ್ರ ಕೆಟ್ಟಿತ್ತು ಅಂದ್ರೆ ಎಲ್ಲರೂ ಅದನ್ನೇ ರಿಪೇರಿ ಮಾಡ್ತಾ ಕೂರ್ತಾರೆ. ನನ್ನ ಹಾಗೇ ಬೇರೆಯವರೂ ಬರೆದಿದ್ರೆ? ಅದನ್ನ ಯಾರು ಹುಡುಕ್ತಾರೆ?"

ಇಂಜಿನಿಯರಿಗೆ ಕಾಗದ ಬರೆದಳು. ತಪ್ಪು ನನ್ನದು, ಯಂತ್ರದ್ದಲ್ಲ. ಸರಿಯಾದ ಎತ್ತರ ಇಷ್ಟು. ಕೆಳಗೆ ಪೂರ್ತಿ ಹೆಸರು. ತಪ್ಪಾದ ಕಾರ್ಡನ್ನು ಕಚೇರಿಯ ಗೋಡೆಗೆ ಚುಚ್ಚಿ, ಏನು ತಪ್ಪೆಂದು ಪಕ್ಕದಲ್ಲೇ ಬರೆದಿಟ್ಟಳು.

ಎರಡು ದಿನ ಎಲ್ಲರೂ ಅದನ್ನು ಓದಿ ಓದಿ ಹೋದರು. ಮೂರನೆಯ ದಿನ ಸೀತಾಪತಿ ಒಂದು ಕಟ್ಟು ಕಾರ್ಡು ಎದೆಗವಚಿಕೊಂಡು ಬಂದು ನಿಂತ.

"ಅಲಮೇಲು ಅವ್ರೇ... ಇದು ನನ್ನ ಸೇತುವೆ ಕೆಲಸದ್ದು. ನಾನೂ ಹಂಗೇ ಬರೆದಿದೀನಿ. ಒಂದ್ಸಲ ನೋಡ್ತೀರಾ?"

"ಕೂತ್ಕೊಳಿ. ನನ್ನ ಹೊಸದನ್ನ ನೀವು ನೋಡಿ," ಎಂದಳು.

ಅಂದಿನಿಂದ ಆ ಕಚೇರಿಯಲ್ಲಿ ಒಬ್ಬರು ಬರೆದ ಕಾರ್ಡು ಇನ್ನೊಬ್ಬರು ಓದದೆ ಯಂತ್ರಕ್ಕೆ ಹೋಗಲಿಲ್ಲ. ಅಧಿಕಾರಿ ಅವಳನ್ನು ಖಾಯಂ ಮಾಡಿದರು. ಮರುವರ್ಷ ಇಬ್ಬರು ಹುಡುಗಿಯರು ಸೇರಿದರು. ಅವರಿಗೆ ಕಲಿಸಿದವಳು ಅವಳೇ.

ಈಗ ನಿಮ್ಮನ್ನು ಕೇಳುತ್ತೇನೆ. ನೀವೇ ಮಾಡಿದ ಸಾರಿನಲ್ಲಿ ಉಪ್ಪು ಹೆಚ್ಚಾದಾಗ ಯಾರನ್ನು ಬೈದಿರಿ? ಸೊಸೆಯನ್ನು. ಬಸ್ಸು ತಪ್ಪಿದಾಗ? ಗಡಿಯಾರವನ್ನು. ಕೈತಪ್ಪಿ ಹಾಲು ಚೆಲ್ಲಿದಾಗ? ಪಾತ್ರೆಯನ್ನು! ಅಲ್ಲವೇ? ನಗಬೇಡಿ, ನಾನೂ ಬೈದವಳೇ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಒಂದೇ ಒಂದು ಸಣ್ಣ ತಪ್ಪನ್ನು ಮನೆಮಂದಿಯ ಮುಂದೆ, ಮಕ್ಕಳ ಮುಂದೆ, "ಇದು ನನ್ನಿಂದ ಆಯ್ತು" ಎನ್ನಿ. ಅದರ ಹಿಂದೆ "ಆದರೆ" ಎಂದು ಬಾಲ ಕಟ್ಟಬೇಡಿ. ಒಂದು ಗಳಿಗೆ ಮುಖ ಕೆಳಗಾದೀತು. ಆಗಲಿ. ಅದನ್ನು ಕೇಳಿಸಿಕೊಂಡ ಮಗು ಮುಂದೊಂದು ದಿನ ಲೋಟ ಒಡೆದರೆ ಚೂರುಗಳನ್ನು ಬಚ್ಚಿಡದೆ, ನಿಮ್ಮ ಹತ್ತಿರವೇ ತರುತ್ತದೆ.